ಅಂಜುವ ಹೊತ್ತು

ಸುರೇಬಾನ ಎಂದಿದೆ ಈ ಡಬ್ಬಿಯ ಮೇಲೆ, ಅಂಗೈ ಅಗಲದ ಹಗುರ ಡಬ್ಬಿ, ಅಲುಗಿಸಿದರೆ ಒಳಗೆ ಏನೋ ಗಿಲಕ್ ಅನ್ನುತ್ತದೆ, ಬಳೆಯೋ ಗೆಜ್ಜೆಯೋ ಇರಬೇಕು, ಯಾರಿಗೆ ಬಂದಿದೆಯೋ, ಹೆಸರು ಓದುತ್ತ ನಿಲ್ಲುವಷ್ಟು ಹೊತ್ತಿಲ್ಲ, ಕೈಯಲ್ಲಿಯ ಸ್ಕ್ಯಾನರು ಕುಂಯ್ ಎಂದು ಕೂಗಿ ಆಯಿತು, ಸುರೇಬಾನ ಎಂದರೆ ರಾಮದುರ್ಗದ ಚೀಲ, ಎಡಗಡೆಯಿಂದ ಮೂರನೆಯದು, ಕಿತ್ತೂರಿನದು ಮೊದಲು, ಸವದತ್ತಿಯದು ನಡುವೆ, ಎರಡು ವರ್ಷದ ರೂಢಿಯಲ್ಲಿ ರಾಜೇಶ್ವರಿಯ ಕೈ ಈಗ ಕಣ್ಣಿನ ಅಪ್ಪಣೆ ಕೇಳುವುದಿಲ್ಲ, ಆದರೂ ಈ ಡಬ್ಬಿಯನ್ನು ಮಾತ್ರ ಕೈ ಬಿಡಲೊಲ್ಲದು — ಸುರೇಬಾನ ಅವ್ವನ ತವರು, ಕುಸುಬಿ ಹೊಲದಾಗ ಪರಕಾರ ಎತ್ತಿ ಕಟ್ಟಿ ಓಡತಿದ್ವಿ ರಾಜವ್ವಾ, ಮುಳ್ಳು ಹೆಂಗ ಚುಚ್ಚತಿದ್ವು ಅಂತಿ, ಎಂದು ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಅವ್ವ ಹೇಳಿದ್ದಳು, ಹೇಳಿ ತನ್ನ ಕಾಲಿನ ಮೀನಖಂಡವನ್ನು ಸವರಿಕೊಂಡಿದ್ದಳು, ಅರವತ್ತೈದು ವರ್ಷದ ಹಿಂದಿನ ಮುಳ್ಳು ಈಗಷ್ಟೇ ಚುಚ್ಚಿದ ಹಾಗೆ. ಅಕ್ಕಾರ, ನೀವು ಇನ್ನೂ ಹೆಸರು ಬರಸಿಲ್ರಿ, ಎಂದ ಬೆನ್ನ ಹಿಂದಿನಿಂದ ಏಜಾಜ, ಈ ಪಾರ್ಸಲ್ ಗೋದಾಮಿನ ಸೂಪರ್‌ವೈಜರ, ವಯಸ್ಸು ಮೂವತ್ತು ದಾಟಿಲ್ಲ, ಆದರೂ ಮಾತಿನಲ್ಲಿ ಮರ್ಯಾದೆ ತಪ್ಪಿದವನಲ್ಲ, ಆರು ಗಂಟೇದ ಒಳಗ ಮ್ಯಾಲಿನವರಿಗೆ ಕಳಸಬೇಕ್ರಿ, ಮುಂಜಾನಿ ಪಾಳ್ಯಾಗ ಒಂದಽ ಜಾಗಾ ಉಳದೈತಿ, ಸಂಜೀದರಾಗ ಎರಡದಾವು, ಯಾವುದು ಬರೀಲಿ ಹೇಳ್ರಿ. ಹೇಳತೇನಪಾ, ಇಷ್ಟು ತಗದಿಟ್ಟು ಬಂದು ಹೇಳತೇನಿ, ಎಂದಳು. ಡಬ್ಬಿ ಚೀಲಕ್ಕೆ ಬಿತ್ತು, ಗಿಲಕ್.

ಒಂದನೇ ತಾರೀಖಿನಿಂದ ಎರಡು ಪಾಳಿ, ಹುಬ್ಬಳ್ಳಿಯ ಗಾಡಿ ನಸುಕಿನಲ್ಲೇ ಬಂದು ನಿಲ್ಲುತ್ತದಂತೆ, ಅದಕ್ಕೆ ಐದರಿಂದ ಮಧ್ಯಾಹ್ನ ಒಂದರವರೆಗೆ ಕೆಲವರು, ವಾಪಸು ಹೋಗುವ ಪಾರ್ಸಲ್ಲಿಗೆ ಎರಡರಿಂದ ರಾತ್ರಿ ಹತ್ತರವರೆಗೆ ಕೆಲವರು, ಇಷ್ಟು ದಿನದ ಹತ್ತರಿಂದ ಆರು ಇನ್ನು ಇಲ್ಲ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನಡುವೆ ಒಂದು ಗೆರೆ, ಗೆರೆಯ ಆಚೆ ಬೆಳಗು, ಈಚೆ ಸಂಜೆ, ದಿನವನ್ನು ಹೀಗೆ ಹೋಳು ಮಾಡಬಹುದೆಂದು ಈ ಶೆಡ್ಡಿಗೇನು ಹೊಸದಾಗಿ ಕಲಿಸಬೇಕಾಗಿಲ್ಲ, ಇದು ಹತ್ತಿ ಗಿರಣಿಯಾಗಿತ್ತಲ್ಲ, ಮೇಲೆ ನೋಡಿದರೆ ಕಬ್ಬಿಣದ ತೊಲೆಗಳ ಸಂದಿಯಲ್ಲಿ ಈಗಲೂ ಅರಳೆ ಅಂಟಿಕೊಂಡಿದೆ, ಬೂದು ಬಣ್ಣಕ್ಕೆ ತಿರುಗಿದ ಅರಳೆ, ಬಣ್ಣ ಹೊಡೆದವರಿಗೂ ಎಟುಕಿಲ್ಲ, ಅದರಲ್ಲಿ ಅವ್ವ ಮುಟ್ಟಿದ ಹತ್ತಿಯೂ ಇದ್ದೀತು. ಆಗಲೂ ಎರಡೇ ಪಾಳಿ, ಪಾಳಿ ಕರೆಯುವ ಭೋಂಗಾ ಕೂಗಿದರೆ ಅರ್ಧ ಬೈಲಹೊಂಗಲ ಎದ್ದು ಕೂಡುತ್ತಿತ್ತು, ಅವ್ವ ಚನ್ನವ್ವ ಮುಂಜಾನೆ ಆರರಿಂದ ಎರಡು, ಅಪ್ಪ ಮುತ್ತಪ್ಪ ಎರಡರಿಂದ ಹತ್ತು, ಅವ್ವ ಹತ್ತಿ ಹಾಕುವ ಯಂತ್ರದ ಮುಂದೆ, ಅಪ್ಪ ಗಂಟು ಒತ್ತುವಲ್ಲಿ, ಅವಳು ಹೊರಗೆ ಬರುವಾಗ ಇವನು ಒಳಗೆ ಹೋಗುತ್ತಿದ್ದ, ಹಂಗಾಮಿನಲ್ಲಿ ಗಂಡ ಹೆಂಡತಿ ಹಗಲು ಹೊತ್ತು ಮುಖ ನೋಡುತ್ತಿದ್ದುದೇ ಗೇಟಿನ ಮುಂದೆ, ಅಲ್ಲಿ ಒಂದು ಬೇವಿನ ಮರವಿತ್ತು, ಶಾಲೆಯ ಊಟದ ಬಿಡುವಿನಲ್ಲಿ ರಾಜೇಶ್ವರಿ ಓಡಿ ಬರುತ್ತಿದ್ದಳು, ಅಪ್ಪ ಮನೆಯಿಂದ ತಂದ ಬುತ್ತಿ ಬಿಚ್ಚುತ್ತಿದ್ದ, ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿಯನ್ನು ಅಂಗೈಯಿಂದಲೇ ಗುದ್ದಿ ಒಡೆಯುವನು, ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು, ಮೂವರೂ ಒಂದೇ ಬಟ್ಟೆಯ ಸುತ್ತ, ಅವ್ವನ ತಲೆ ಹುಬ್ಬು ರೆಪ್ಪೆ ಎಲ್ಲ ಬೆಳ್ಳಗೆ, ಮೊದಲ ಸಲ ನೋಡಿದಾಗ ಯಾವುದೋ ಮುದುಕಿ ಬಂದಳೆಂದು ಇವಳು ಅಪ್ಪನ ಹಿಂದೆ ಅಡಗಿದ್ದಳಂತೆ, ಅವ್ವ ನಕ್ಕು ತಲೆ ಕೊಡವಿದಳು, ಅರಳೆ ಹಾರಿತು, ಒಳಗಿನಿಂದ ಕರ್ರಗಿನ ಕೂದಲಿನ ಅವ್ವ ಹೊರಗೆ ಬಂದಳು. ಎಷ್ಟು ಕೂದಲು, ಎಂಥ ಕಪ್ಪು. ಅದಾದ ಮೇಲೆ ಎಷ್ಟು ಕಡೆ ಉಂಡಿಲ್ಲ, ರಾಮದುರ್ಗದಲ್ಲಿ ಗಂಡನ ಮನೆಯ ದೊಡ್ಡ ಪಡಸಾಲೆಯಲ್ಲಿ ಹನ್ನೆರಡು ವರ್ಷ ಉಂಡಳು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅವ್ವನ ಒಲೆಯ ಮುಂದೆ ಉಂಡಳು, ಆ ಬೇವಿನ ಗಾಳಿಯಲ್ಲಿ ಉಂಡ ರುಚಿ ಮತ್ತೆ ನಾಲಿಗೆಗೆ ಬರಲಿಲ್ಲ, ಮರವನ್ನು ಲಾರಿ ತಿರುಗಲು ಜಾಗ ಬೇಕೆಂದು ಕಡಿದು ಹಾಕಿದ್ದಾರೆ, ಅಲ್ಲೀಗ ಸಿಮೆಂಟು.

ಕಿತ್ತೂರು, ಕಿತ್ತೂರು, ಸವದತ್ತಿ, ಇದು ಸಂಪಗಾಂವ, ಊರೊಳಗಿನ ಚೀಲದ ಪಕ್ಕದ್ದು. ಕೈ ನಡೆದಿದೆ. ಆ ಹತ್ತು ನಿಮಿಷ ಚೆಂದ ನಿಜ, ಆದರೆ ಬೆಳಗು ಎಂಬುದು ರಾಜೇಶ್ವರಿಗೆ ಸಣ್ಣಂದಿನಲ್ಲಿ ಅವ್ವನಿಲ್ಲದ ಹೊತ್ತು, ಎದ್ದರೆ ಪಕ್ಕದ ಹಾಸಿಗೆ ಮಡಿಚಿಟ್ಟಿರುತ್ತಿತ್ತು, ಅಪ್ಪ ಜಳಕ ಮಾಡಿಸುತ್ತಿದ್ದ, ಅಪ್ಪ ತಲೆ ಹಿಕ್ಕುತ್ತಿದ್ದ, ಹತ್ತಿಯ ಗಂಟು ಬಿಗಿಯುವ ಆ ಕೈಗಳು ಎರಡು ಜಡೆ ಹೆಣೆಯುವಾಗ ಎಳೆ ತಪ್ಪುತ್ತಿದ್ದವು, ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಹೆಗಲ ಹತ್ತಿರ, ಬೈತಲೆ ಹೊಳೆಯ ಹಾಗೆ ಸೊಟ್ಟ, ಶಾಲೆಯಲ್ಲಿ ಹುಡುಗಿಯರು ಕಿಸಕ್ಕೆಂದರೆ ಇವಳು ಜಡೆ ಬಿಚ್ಚಿ ಒಂದೇ ಗಂಟು ಹಾಕಿಕೊಳ್ಳುವಳು, ಮನೆಗೆ ಬರುವಾಗ ಮತ್ತೆ ಎರಡು ಮಾಡಿಕೊಳ್ಳುವಳು, ಅಪ್ಪನಿಗೆ ಬೇಜಾರಾಗಬಾರದು. ಒಂದು ಸಲ ಮಾತ್ರ, ಹದಿನಾಲ್ಕು ತುಂಬಿದ ವರ್ಷ, ಅವ್ವನ ಜೊತೆ ಯಾವುದೋ ಸಣ್ಣ ಜಗಳ, ಬಾಯಿಂದ ಬಂದುಬಿಟ್ಟಿತ್ತು, ನೀ ಯಾವ ಮುಂಜಾನೆ ಮನ್ಯಾಗ ಇದ್ದಿ ಹೇಳು, ಒಂದರ ಮುಂಜಾನೆ ನನ್ನ ತಲಿ ಹಿಕ್ಕಿಯೇನು, ಮಂದಿ ಅವ್ವಂದಿರು ಸಂಜೀ ಪಾಳಿ ತಗೋತಾರ, ನಿನಗ ಮನೀಗಿಂತ ಗಿರಣಿ ಬೇಕು. ಅವ್ವ ರೊಟ್ಟಿ ತಟ್ಟುತ್ತಿದ್ದವಳು ತಟ್ಟುತ್ತಲೇ ಇದ್ದಳು, ಆ ಮಾತಿಗೆ ಮೂವತ್ತೆರಡು ವರ್ಷ ಉತ್ತರ ಬರಲಿಲ್ಲ. ಉತ್ತರವೆಂದು ಅಲ್ಲ, ಆದರೆ ಹೋದ ವರ್ಷ ಮರೆವು ಶುರುವಾದ ಮೇಲೆ ಒಂದು ದಿನ ಬೆಳಿಗ್ಗೆ ಏಳರ ಬಿಸಿಲಿಗೆ ಕಟ್ಟೆಯ ಮೇಲೆ ಕೂತು ಅವ್ವ ಕರೆದಳು, ಬಾ ಇಲ್ಲೆ, ಕೂಡು, ಬಾಚಣಿಕೆ ತಾ, ಕೊಬ್ಬರಿ ಎಣ್ಣೆ ತಾ, ನಾಲ್ವತ್ತಾರು ವರ್ಷದ ಮಗಳನ್ನು ಮೊಣಕಾಲ ನಡುವೆ ಕೂಡಿಸಿಕೊಂಡು ಹಿಕ್ಕಿದಳು, ಕೂದಲೇನು ಉಳಿದಿದೆ, ಅರ್ಧ ನರೆ, ಆದರೂ ಜಡೆ ಎಷ್ಟು ಸಮ, ಬೈತಲೆ ಎಷ್ಟು ನೆಟ್ಟಗೆ, ಓಣಿಯವರು ನೋಡಿ ನಕ್ಕರೂ ಏಳಲಿಲ್ಲ ರಾಜೇಶ್ವರಿ, ಆವತ್ತಿನಿಂದ ದಿನಾ ಅದೇ, ಏಳಕ್ಕೆ ಬಿಸಿಲು, ಎಣ್ಣೆಯ ಬೆರಳು, ನೆತ್ತಿಯ ಮೇಲೆ ಅವ್ವನ ಉಸಿರು, ಸುರೇಬಾನದ ಸುದ್ದಿ, ತಲಿ ಅಲಗಸಬ್ಯಾಡ ಎಂದು ಒಂದು ಮೊಟಕು. ಬೆಳಗಿನ ಪಾಳಿ ಬರೆಸಿದರೆ ಇದು ಹೋಯಿತು.

ಯಾಕೆಂದರೆ ಅವ್ವ ಅವ್ವನಾಗಿರುವುದು ಬೆಳಿಗ್ಗೆ ಮಾತ್ರ. ಬೆಳಿಗ್ಗೆ ಎಲ್ಲ ಗೊತ್ತು, ಮೊಸರು ಹುಳಿಯಾದುದು ಗೊತ್ತು, ಓಣಿಯ ಶಟ್ಟೆವ್ವನ ಮೊಮ್ಮಗಳಿಗೆ ಗಂಡು ಗೊತ್ತಾದುದು ಗೊತ್ತು, ಬಿಸಿಲು ಇಳಿಯುತ್ತ ಬಂದ ಹಾಗೆ ಒಂದೊಂದೇ ಕೈಬಿಡುತ್ತ ಹೋಗುತ್ತದೆ, ದೀಪ ಹಚ್ಚುವ ಹೊತ್ತಿಗೆ ಕಣ್ಣು ಅಗಲವಾಗುತ್ತವೆ, ಗೋಡೆಗೆ ಒತ್ತಿಕೊಂಡು ಕೂಡುತ್ತಾಳೆ, ಸೀರೆಯ ಸೆರಗು ಮುಷ್ಟಿಯಲ್ಲಿ, ಯಾರ್ರಿ ನೀವು, ಯಾಕ ಬಂದೀರಿ, ನಾ ಮನೀಗೆ ಹೋಗಬೇಕ್ರಿ ಅಕ್ಕಾರ. ಅಕ್ಕಾರ! ಏಜಾಜ ಅಂದರೆ ಸರಿ, ಬಸ್ಸಿನ ಕಂಡಕ್ಟರ ಅಂದರೆ ಸರಿ, ಹೆತ್ತವಳ ಬಾಯಲ್ಲಿ ಆ ‘ರಿ’ ಕೇಳಿದ ಮೊದಲ ಸಂಜೆ ರಾಜೇಶ್ವರಿ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತಿದ್ದಳು, ಬಾರವಾ ಹೋಗವಾ ಎಂದು ಕೂಗಿಸಿಕೊಂಡು ಬೆಳೆದವಳಿಗೆ ಬರ್ರಿ ಕುಂಡ್ರಿ ಎಂಬ ಮರ್ಯಾದೆ ಕಪಾಳಕ್ಕೆ ಬಿದ್ದ ಹಾಗೆ. ಡಾಕ್ಟರರು ಹೇಳಿದರು, ಹೊತ್ತು ಇಳಿದಂತೆ ಹೆಚ್ಚಾಗುವುದು ಈ ಕಾಯಿಲೆಯ ಗುಣ, ಬೆಳಗಿನ ಚೊಕ್ಕ ಹೊತ್ತೂ ಬರಬರುತ್ತ ಸಣ್ಣದಾಗುತ್ತದೆ, ವರ್ಷವೋ, ಎರಡು ವರ್ಷವೋ, ಇರುವಷ್ಟು ದಿನ ಮಾತಾಡಿಸಿಕೊಳ್ಳಿ. ಪಕ್ಕದ ಮನೆಯ ದಿಲಶಾದಬಿಯೂ ನಿನ್ನೆ ಅದನ್ನೇ ಹೇಳಿದಳು, ಹೊಲಿಗೆ ಯಂತ್ರ ತುಳಿಯುತ್ತಲೇ, ಇಷ್ಟು ದಿನ ಹಗಲೆಲ್ಲ ಅವ್ವನನ್ನು ತನ್ನ ಪಡಸಾಲೆಯಲ್ಲಿ ಕೂಡಿಸಿಕೊಂಡು ನೋಡಿದವಳು ಅವಳೇ, ನೋಡು ರಾಜಕ್ಕಾ, ನೀ ಸಂಜೀದು ಬರಸು, ಸಂಜೀಕ ನಾ ಕೂಡತೇನಿ ಅಕೀ ಹಂತೇಕ, ಸಂಜೀಕ ಅಕೀಗೆ ನೀನೂ ಒಂದಽ ನಾನೂ ಒಂದಽ, ಗುರುತಽ ಇಲ್ಲಂದ ಮ್ಯಾಲ ಯಾರಿದ್ರೇನು, ಮುಂಜಾನಿ ಹೊತ್ತು ಬಂಗಾರದಂಥಾದ್ದು, ಅದನ್ನ ನೀ ಇಟಕೋ. ಲೆಕ್ಕಕ್ಕೆ ಸರಿಯಾದ ಮಾತು. ಬಂಗಾರ ನನಗೆ, ಅಂಜಿಕೆಯ ಹೊತ್ತು ದಿಲಶಾದಬಿಗೆ. ರಾತ್ರಿ ಹತ್ತಕ್ಕೆ ಮನೆಗೆ ಹೋದರೆ ಅವ್ವ ಮಲಗಿರುತ್ತಾಳೆ, ಅಕ್ಕಾರ ಎಂಬ ಮಾತು ಇನ್ನೆಂದೂ ಕೇಳಬೇಕಾಗಿಲ್ಲ, ಬೆಳಗಾದರೆ ರಾಜವ್ವಾ ಎಂದು ಕೂಗುತ್ತಾಳೆ, ಇಬ್ಬರಿಗೂ ನಡುವಿನದೇನೂ ನೆನಪಿಲ್ಲದ ಹಾಗೆ. ಹಾಗೆಯೇ ಬರೆಸಬೇಕೆಂದೇ ಇವತ್ತು ಮನೆ ಬಿಟ್ಟಿದ್ದಳು, ಎಣ್ಣೆ ಹಚ್ಚಿದ ಜಡೆ ಬೆನ್ನಿಗೆ ಬಡಿಯುತ್ತಿತ್ತು, ಸಂಜೀದು, ಸಂಜೀದು, ಎಂದೇ ಹೆಜ್ಜೆ ಹಾಕಿದ್ದಳು, ಬಂದು ಹಾಳೆಯ ಮುಂದೆ ನಿಂತವಳು ಹೆಸರು ಬರೆಸದೆ ಡಬ್ಬಿಗಳ ಬೆಲ್ಟಿನ ಕಡೆ ತಿರುಗಿದ್ದಳು.

ಗುರುವಾರದ್ದು ಅಡ್ಡ ಬರುತ್ತದೆ. ದಿಲಶಾದಬಿ ಉಕ್ಕುವ ಹಾಲು ಇಳಿಸಿ ಬರುವಷ್ಟರಲ್ಲಿ ಅವ್ವ ಎದ್ದು ಹೋಗಿಬಿಟ್ಟಿದ್ದಳು, ಓಣಿಯೆಲ್ಲ ಹುಡುಕಿದರಂತೆ, ಇತ್ತ ಆರಕ್ಕೆ ಕೆಲಸ ಬಿಟ್ಟು ರಾಜೇಶ್ವರಿ ಗೇಟಿಗೆ ಬಂದರೆ ಕಾವಲಿನ ಗಂಗಯ್ಯನವರ ಕುರ್ಚಿಯ ಮೇಲೆ ಅವ್ವ, ಕೈಯಲ್ಲಿ ಚಹಾದ ಕಪ್ಪು, ಕಾಲಲ್ಲಿ ಚಪ್ಪಲಿಯಿಲ್ಲ, ಈ ಅಜ್ಜಿ ಯಾರೋ ಗೊತ್ತಾಗಲಿಲ್ರಿ ಅಕ್ಕಾರ, ಎಂದರು ಗಂಗಯ್ಯನವರು, ಭೋಂಗಾ ಆತೇನ್ರಿ, ನನ್ನ ಪಾಳಿ ಮುಗೀತೇನ್ರಿ ಅಂತ ಕೇಳಾಕತ್ತಾಳ, ಬಿಸಲಾಗ ಬಂದಿದ್ಲು, ಕೂಡಸೀನಿ. ನಮ್ಮವ್ವರಿ, ಎಂದಳು ರಾಜೇಶ್ವರಿ. ಅವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಗುರುತಿಲ್ಲ, ಆದರೂ ಒಬ್ಬ ಹೆಣ್ಣುಮಗಳು ಜೊತೆಗೆ ಸಿಕ್ಕಳೆಂದು ಎದ್ದಳು, ಬಜಾರದ ಕಡೆ ಹೊಂಟೀರೇನ್ರಿ ಅಕ್ಕಾರ, ನಾನೂ ಬರತೇನ್ರಿ, ಲಗೂನ ನಡೀರಿ, ಹೊತ್ತು ಮುಳಗತೈತಿ. ನಡೆದರು. ಅವ್ವನ ಅಂಗಾಲಿಗೆ ಹರಳು ಚುಚ್ಚುತ್ತಿವೆ, ತನ್ನ ಚಪ್ಪಲಿ ಕೊಟ್ಟರೆ ಬ್ಯಾಡ್ರಿ ನಿಮ್ಮವು ಅನ್ನುತ್ತಾಳೆ. ನಿಮಗ ಮಕ್ಕಳದಾರೇನ್ರಿ, ಎಂದು ಕೇಳಿದಳು. ಇಲ್ರಿ, ಎಂದಳು ರಾಜೇಶ್ವರಿ, ಅದೂ ಗೊತ್ತಿಲ್ಲವೇ ಅವ್ವಾ ನಿನಗೆ, ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆ ನೀನು, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಪಾಪ, ಎಂದಳು ಅವ್ವ, ನನಗ ಒಬ್ಬಾಕಿ ಅದಾಳ್ರಿ, ಎಂಟು ವರ್ಷದಾಕಿ, ಭಾಳ ಶಾಣ್ಯಾ, ಹಗಲೆಲ್ಲ ಹುಲಿ ಇದ್ದಂಗ ಇರತಾಳ, ಹೊತ್ತು ಮುಳಗಿತಂದ್ರ ಆತು, ಅಂಜತಾಳ್ರಿ, ಗ್ವಾಡೀಮ್ಯಾಲಿನ ನೆಳ್ಳು ನೋಡಿ ಚೀರತಾಳ, ಮೈಯೆಲ್ಲ ತಣ್ಣಗ ಆಗತೈತಿ, ಅವರಪ್ಪ ಎತಗೊಂಡ್ರೂ ಸುಮ್ಮಾಗೂದಿಲ್ಲ, ನಾನಽ ಬೇಕು. ಗಿರಣಿ ಮುನೀಮರು ಕೇಳಿದ್ರು, ಚನ್ನವ್ವಾ ನಿಂದು ಯಾವ ಪಾಳಿ ಬರಕೊಳ್ಳಲಿ ಅಂತ. ನಮ್ಮ ಮನಿಯವರಂದ್ರು, ನೀ ಮಧ್ಯಾಹ್ನದ್ದು ತಗೋ, ಮುಂಜಾನೆ ಹುಡುಗೀ ತಲಿ ಹಿಕ್ಕಿ ಸಾಲೀಗೆ ಕಳಸೂದು ನನಗ ಆಗೂದಿಲ್ಲ ಅಂತ. ನಾ ಒಲ್ಲೆ ಅಂದೆ. ತಲಿ ಯಾರರ ಹಿಕ್ಕತಾರ್ರಿ ಅಕ್ಕಾರ, ಸೊಟ್ಟಗಾದ್ರೂ ಹರಕತ್ತಿಲ್ಲ, ಅಂಜೂ ಹೊತ್ತಿನಾಗ ಹಡದಾಕಿ ಇರಬೇಕಲ್ರಿ.

ಆಗ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು, ಅವ್ವನನ್ನು ಅಂಚಿಗೆ ಎಳೆದು ನಿಲ್ಲಿಸಿಕೊಂಡಳು ರಾಜೇಶ್ವರಿ. ತಾನು ಅಂಜುತ್ತಿದ್ದೆನೇ? ಅವತ್ತಿನಿಂದ ಇವತ್ತಿನವರೆಗೆ ಹುಡುಕುತ್ತಿದ್ದಾಳೆ, ಡಬ್ಬಿ ಎತ್ತುವಾಗ, ರೊಟ್ಟಿ ಬಡಿಯುವಾಗ, ಎಂಟು ವರ್ಷದ ಸಂಜೆಗಳನ್ನೆಲ್ಲ ಒಂದೊಂದಾಗಿ ಎತ್ತಿ ಅಲುಗಿಸಿ ನೋಡಿದ್ದಾಳೆ, ಗೋಡೆಯ ಮೇಲೆ ನೆರಳಿಲ್ಲ, ಚೀರಾಟವಿಲ್ಲ, ಇರುವುದು ಚಿಮಣಿಯ ಬೆಳಕು, ಹತ್ತಿಕಾಳಿನ ಜಿಡ್ಡು ವಾಸನೆಯ ಒಂದು ಮಡಿಲು, ಬೆನ್ನ ಮೇಲೆ ತಟ್ಟುವ ಒಂದು ಅಂಗೈ, ಹೊರಗೆ ಎಮ್ಮೆಗಳ ಗಂಟೆ, ಒಲೆಯ ಮೇಲೆ ಕುದಿಯುವ ಬೇಳೆ, ಅಷ್ಟೇ, ಸಂಜೆ ಎಂದರೆ ಅವಳಿಗೆ ಲೋಕದಲ್ಲೇ ಹೆದರಿಕೆಯಿಲ್ಲದ ಹೊತ್ತು. ಸೊಟ್ಟ ಜಡೆ ಮಾತ್ರ ನೆನಪಿದೆ. ಅದಕ್ಕಾಗಿ ಹದಿನಾಲ್ಕರಲ್ಲಿ ಜಗಳವಾಡಿದ್ದು ನೆನಪಿದೆ. ಆವತ್ತು ರೊಟ್ಟಿ ತಟ್ಟುತ್ತಿದ್ದ ಕೈ ಒಂದು ಗಳಿಗೆ ನಿಂತಿತ್ತೇ, ನಿಂತು ಮತ್ತೆ ಶುರುವಾಗಿತ್ತೇ, ಈಗ ಯಾರನ್ನು ಕೇಳುವುದು, ಅಪ್ಪನೂ ಇಲ್ಲ, ಬೆಳಗಿನ ಅವ್ವನನ್ನು ಕೇಳಿದರೆ ಏನ ಹಳೇದೆಲ್ಲ ತಗೀತಿ ಬಿಡು ಅನ್ನುತ್ತಾಳೆ, ನಿನ್ನೆ ಕೇಳಿದ್ದಕ್ಕೆ ಹಾಗೆಯೇ ಅಂದಳು, ಅಂದು ಜಡೆಯ ತುದಿಗೆ ಗಂಟು ಹಾಕಿದಳು, ಅಪರಿಚಿತಳಿಗೆ ಹೇಳಿದ್ದನ್ನು ಮಗಳಿಗೆ ಹೇಳುವವಳಲ್ಲ ಅವಳು. ಕಿತ್ತೂರು. ಸವದತ್ತಿ. ರಾಮದುರ್ಗ. ಬೆಲ್ಟು ನಿಂತಿತು. ಸಾವಂತ್ರೆವ್ವ ಕಸಬರಿಗೆ ಹಿಡಿದು ಬಂದಳು, ಬಾಗಿಲಿನಿಂದ ಬಿಸಿಲು ಹಳದಿಯಾಗಿ ಒಳಗೆ ಚಾಚಿದೆ, ಮನೆಯಲ್ಲಿ ಈಗ ಅವ್ವ ಸೆರಗನ್ನು ಮುಷ್ಟಿಗೆ ತೆಗೆದುಕೊಂಡಿರಬೇಕು. ದಿಲಶಾದಬಿ ಒಳ್ಳೆಯವಳು, ತನಗಿಂತ ಚೆನ್ನಾಗಿಯೇ ನೋಡಿಕೊಂಡಾಳು, ಗುರುತೇ ಇಲ್ಲ ಅಂದ ಮೇಲೆ ಯಾರಿದ್ದರೇನು — ಇಲ್ಲ. ಯಾರಿದ್ದರೇನು ಎಂದು ಅವ್ವನೂ ಅನ್ನಬಹುದಾಗಿತ್ತು, ಮುನೀಮರ ಮುಂದೆ, ಅವತ್ತು, ಅನ್ನಲಿಲ್ಲ. ಏಜಾಜಪ್ಪಾ, ಎಂದು ಕರೆದಳು. ಹೇಳ್ರಿ ಅಕ್ಕಾರ. ಮುಂಜಾನೀದು ಬರಿ. ಏಜಾಜ ಪೆನ್ನು ಹಿಡಿದು ನೋಡಿದ, ಬರೋಬ್ಬರಿ ವಿಚಾರ ಮಾಡೀರಲ್ರಿ, ನಾಕಕ್ಕಽ ಏಳಬೇಕಾಗತೈತಿ, ಆಮ್ಯಾಲೆ ಬದಲಿ ಮಾಡಾಕ ಬರೂದಿಲ್ರಿ. ಮಾಡೀನಿ, ಬರಿ, ಎಂದಳು. ಗೆರೆಯ ಆಚೆ ಕೊನೆಯ ಸಾಲಿನಲ್ಲಿ ರಾಜೇಶ್ವರಿ ಎಂದು ಬರೆದ, ನಾಲ್ಕಕ್ಷರ, ಏಳರ ಬಿಸಿಲು, ಎಣ್ಣೆಯ ಬೆರಳು, ನೆತ್ತಿಯ ಮೇಲಿನ ಉಸಿರು, ಎಲ್ಲ ಆ ನಾಲ್ಕಕ್ಷರದೊಳಗೆ ಹೋದವು, ಅವಳು ಹೋಗಿ ನೀರು ಕುಡಿದಳು.

ಮನೆ ಮುಟ್ಟುವಾಗ ಓಣಿಯ ದೀಪಗಳು ಹತ್ತಿದ್ದವು. ಸಂಜೆಯಾಗುತ್ತಲೇ ಅವ್ವನನ್ನು ಇಲ್ಲಿಗೇ ತಂದು ಕೂಡಿಸಿದ್ದ ದಿಲಶಾದಬಿ ಪಡಸಾಲೆಯಿಂದ ಎದ್ದು ಬಂದಳು, ಯಾವುದು ಬರಸಿದೆಬೇ. ಮುಂಜಾನೀದು. ಹುಚ್ಚಿ ಅದಿ ನೀ, ಎಂದಳು ದಿಲಶಾದಬಿ, ಮತ್ತೆ ಅವಳೇ, ಆತು ಬಿಡು, ಮುಂಜಾನಿ ಚಹಾ ನಾ ಕೊಡತೇನಿ, ತಲೀಗೆ ಎಣ್ಣಿ ನನಗಽ ಹಚ್ಚಲಿ, ನನ್ನ ಜಡೀನೂ ಯಾರರ ಹೆಣದು ಭಾಳ ದಿನಾ ಆತು, ಎಂದು ನಕ್ಕು ಹೊರಟಳು, ಹೊರಟವಳು ಕಣ್ಣಿಗೆ ಸೆರಗು ಒತ್ತಿಕೊಂಡಿದ್ದು ಕಂಡಿತು. ಒಳಗೆ ಅವ್ವ ಗೋಡೆಗೆ ಒತ್ತಿ ಕೂತಿದ್ದಾಳೆ, ಕಣ್ಣು ಅಗಲ, ರಾಜೇಶ್ವರಿ ಚಪ್ಪಲಿ ಬಿಟ್ಟು ಒಳಗೆ ಬಂದರೆ ಬೆಚ್ಚಿದಳು, ಮತ್ತೆ ಏನೋ ಧೈರ್ಯ ತಂದುಕೊಂಡು ಜರುಗಿ ಜಾಗ ಮಾಡಿಕೊಟ್ಟಳು, ಬರ್ರಿ ಅಕ್ಕಾರ, ಕುಂಡ್ರಿ, ಹೋಗಬ್ಯಾಡ್ರಿ. ಇಲ್ರಿ, ಹೋಗೂದಿಲ್ರಿ, ಎಂದು ಪಕ್ಕದಲ್ಲಿ ಕೂತಳು, ಬೆನ್ನ ಮೇಲೆ ಅಂಗೈ ಇಟ್ಟಳು, ಸೀರೆಯೊಳಗಿನ ಮೈ ತಣ್ಣಗಿದೆ, ಕೈ ಮೆಲ್ಲಗೆ ತಟ್ಟತೊಡಗಿತು, ಅವ್ವನ ಉಸಿರು ಒಂದಿಷ್ಟು ಇಳಿಯಿತು, ಅವಳ ಬೆರಳು ಬಂದು ರಾಜೇಶ್ವರಿಯ ಮಣಿಕಟ್ಟು ಹಿಡಿದವು. ನನ್ನ ಮಗಳು ಬರೂ ಹೊತ್ತಾತ್ರಿ, ಎಂದಳು ಅವ್ವ, ಭಾಳ ಚೊಲೊ ಹುಡುಗಿ, ನೀವು ನೋಡಿಲ್ಲಲ್ಲ, ಈಗ ಬರತಾಳ, ನೋಡಿ ಹೋಗೀರಂತ. ಹೂಂನ್ರಿ, ನೋಡತೇನ್ರಿ, ಎಂದಳು ರಾಜೇಶ್ವರಿ, ತೆರೆದ ಬಾಗಿಲು, ಹೊಸ್ತಿಲ ಆಚೆ ಕಪ್ಪಾಗುತ್ತಿರುವ ಓಣಿ, ಕೈ ಕೈ ಹಿಡಿದು ಇಬ್ಬರೂ ಅತ್ತಲೇ ನೋಡುತ್ತಿದ್ದಾರೆ, ಈಗ ಬರತಾಳ, ಈಗ ಬರತಾಳ.